ಕಲಿತು, ನಡೆಸಿ, ಒಪ್ಪಿಸುವ ಹುದ್ದೆ



ಐ ಟ್ರಿಪಲ್ ಇ ಎಂಬ ಹೆಸರನ್ನು ಎಂಜಿನಿಯರಿಂಗ್ ಓದಿದವರೆಲ್ಲ ಬಲ್ಲರು. 1884ರಲ್ಲಿ ಹುಟ್ಟಿದ ವಿದ್ಯುತ್ ಎಂಜಿನಿಯರುಗಳ ಸಂಘವೂ 1912ರಲ್ಲಿ ಹುಟ್ಟಿದ ರೇಡಿಯೋ ಎಂಜಿನಿಯರುಗಳ ಸಂಘವೂ 1963ರಲ್ಲಿ ಅಮೆರಿಕದಲ್ಲಿ ಒಂದಾಗಿ ಮೂಡಿದ ಸಂಸ್ಥೆ ಅದು. ಇಂದು ಜಗತ್ತಿನಾದ್ಯಂತ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಬೆಂಗಳೂರಿನಲ್ಲೂ ಅದರ ವಿಭಾಗವಿದೆ. ನಮ್ಮ ಮನೆಮನೆಯ ವೈ-ಫೈಗೆ 1997ರಲ್ಲಿ ಮೊದಲ ಮಾನದಂಡ ಕೊಟ್ಟದ್ದು ಈ ಸಂಸ್ಥೆಯೇ. ಪೈಪೋಟಿಯ ಕಂಪನಿಗಳಲ್ಲಿ ದುಡಿಯುವವರು ಒಂದೇ ಮೇಜಿನ ಸುತ್ತ ಕೂತು ಇಂಥ ಮಾನದಂಡಗಳನ್ನು ಒಪ್ಪಬೇಕು. ಹಾಗೆ ಕೂರಿಸುವ ಸಂಸ್ಥೆಯ ಮೇಲೆ ಎಲ್ಲರಿಗೂ ನಂಬಿಕೆ ಇರಬೇಕು.

ಆ ನಂಬಿಕೆ ಕಾಯುವ ಅಧ್ಯಕ್ಷರನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಆಡಳಿತ ಮಂಡಳಿ ಹೆಸರು ಸೂಚಿಸಬಹುದು; ಸೂಚಿಸದಿದ್ದರೂ ಸದಸ್ಯರ ಸಹಿ ಸಂಗ್ರಹಿಸಿ ಕಣಕ್ಕಿಳಿಯಬಹುದು. ಗೆದ್ದವರು ಮೊದಲ ವರ್ಷ ಚುನಾಯಿತ ಅಧ್ಯಕ್ಷರು, ಎರಡನೆಯ ವರ್ಷ ಅಧ್ಯಕ್ಷರು, ಮೂರನೆಯ ವರ್ಷ ನಿಕಟಪೂರ್ವ ಅಧ್ಯಕ್ಷರು. ಸಂಬಳವಿಲ್ಲದ ಸೇವೆ.

ಈ ಮೂರು ಮೆಟ್ಟಿಲುಗಳಲ್ಲಿ ದೊಡ್ಡ ವಿವೇಕವಿದೆ. ಮೊದಲು ಹಿಂದಿನವರ ಪಕ್ಕದಲ್ಲಿ ಕೂತು ಕಲಿ, ಆಮೇಲೆ ನಡೆಸು, ಕೊನೆಗೆ ಮುಂದಿನವರಿಗೆ ಒಪ್ಪಿಸಿ ಪಕ್ಕಕ್ಕೆ ಸರಿ. ಕುರ್ಚಿಯ ಮೇಲಿರುವುದು ಒಂದೇ ವರ್ಷ. ಆದ್ದರಿಂದ ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆ ಇದು: ನೀವು ಹೋದ ಮೇಲೂ ಉಳಿಯುವ ಯಾವ ಕೆಲಸಕ್ಕೆ ಕೈ ಹಾಕುತ್ತೀರಿ? ಅದಕ್ಕೆ ಸ್ಪಷ್ಟ ಉತ್ತರ ಕೊಡುವವರೇ ನಿಜವಾದ ಅಭ್ಯರ್ಥಿ.

ಅರ್ಹರು ಸಂಕೋಚದಿಂದ ಹಿಂದೆ ನಿಂತರೆ ಸಂಸ್ಥೆಗೇ ನಷ್ಟ. ಈ ಸಂಸ್ಥೆಗೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಮಾರ್ಥಾ ಸ್ಲೋನ್ ಬಂದದ್ದು 1993ರಲ್ಲಿ, ಅಂದರೆ ಸಂಸ್ಥೆ ಮೂಡಿದ ಮೂವತ್ತು ವರ್ಷಗಳ ನಂತರ. ಬಾಗಿಲು ತೆರೆಯಲು ಯಾರಾದರೂ ಮೊದಲು ಹೆಸರು ಕೊಡಬೇಕು, ಉಳಿದವರು ಮತ ಕೊಡಬೇಕು.

ಐ ಟ್ರಿಪಲ್ ಇ ಅಧ್ಯಕ್ಷರ ಆಯ್ಕೆಯ ಮತದಾನ ವಾಡಿಕೆಯಂತೆ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮೊದಲ ದಿನದವರೆಗೆ ನಡೆಯುತ್ತದೆ. ಸೆಪ್ಟೆಂಬರ್ 15, ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ, ಅದರ ನಡುವೆಯೇ ಬರುತ್ತದೆ. ಎಂಜಿನಿಯರ್ ಮಿತ್ರರೇ, ಆ ದಿನ ಅವರ ಚಿತ್ರಕ್ಕೆ ಹಾರ ಹಾಕಿದ ಮೇಲೆ ಇನ್ನೊಂದು ಕೆಲಸ ಮಾಡಿ. ನಿಮ್ಮ ವೃತ್ತಿ ಸಂಘ ಯಾವುದೇ ಇರಲಿ, ಅಭ್ಯರ್ಥಿಗಳ ಮಾತನ್ನು ಪೂರ್ತಿ ಓದಿ, ತೂಗಿ ಮತ ಹಾಕಿ. ಸೇವೆಗೆ ಸಮಯ ಕೊಡಬಲ್ಲೆ ಎಂದು ಮನಸ್ಸು ಹೇಳಿದರೆ, ನಿಮ್ಮೂರಿನ ಶಾಖೆಯಲ್ಲಿ ನೀವೇ ಹೆಸರು ಕೊಡಿ.