ಆಟ ಯಾರದು, ಆಕಾಶ ಯಾರದು?

(ಬೊಮ್ಮಸಂದ್ರದಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಗುತ್ತಿಗೆ ಪದ್ಧತಿ ಇವುಗಳ ಮಾತಾಡಬೇಕಾದ ವೇದಿಕೆಯಲ್ಲಿ ಕ್ರಿಕೆಟ್ಟಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ದುಡಿಯುವವನಿಗೆ ಅನ್ನ ಬೇಕು, ನಿಜ. ಅನ್ನದ ಜತೆಗೆ ನಾಲ್ಕು ಗಳಿಗೆಯ ಸಂತೋಷವೂ ಬೇಕು. ಆ ಸಂತೋಷಕ್ಕೂ ಈಗ ಬೇಲಿ ಬಿದ್ದಿದೆ. ಹಾಕಿದವರು ಯಾರು, ಕೀಳುವ ಬಗೆ ಹೇಗೆ ಎಂಬುದನ್ನು ವಿಚಾರ ಮಾಡೋಣ.

2023ರ ನವೆಂಬರ್ 19, ಭಾನುವಾರ. ಅಹಮದಾಬಾದಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಆಟ ಶುರುವಾದದ್ದು ಮಧ್ಯಾಹ್ನ 2 ಗಂಟೆಗೆ. ನಮ್ಮ ಎರಡನೆಯ ಪಾಳಿ ಶುರುವಾಗುವುದೂ 2 ಗಂಟೆಗೇ. ಪಾಳಿಗೆ ಹೋದವರು ಹೊರಬರುವ ಹೊತ್ತಿಗೆ ಆಸ್ಟ್ರೇಲಿಯಾ ಗೆದ್ದಾಗಿತ್ತು. ಮೊದಲ ಪಾಳಿ ಮುಗಿಸಿದವರು ಹೊಸೂರು ರಸ್ತೆಯ ಟೀ ಅಂಗಡಿಯೊಂದರ ಮುಂದೆ ಒಂದೇ ಮೊಬೈಲಿನ ಸುತ್ತ ತಲೆಗೆ ತಲೆ ತಾಗಿಸಿ ನಿಂತಿದ್ದುದನ್ನು ನಾವೇ ಕಂಡೆವು. ಅವರಲ್ಲಿ ಒಡಿಶಾದವರಿದ್ದರು, ಬಿಹಾರದವರಿದ್ದರು, ನಮ್ಮ ಆನೇಕಲ್ಲಿನವರೂ ಇದ್ದರು. ಓವರು ಮುಗಿದ ಮರುಕ್ಷಣ ಆಟಗಾರರು ಮಾಯ, ಜಾಹೀರಾತು ಹಾಜರ್. ಆ ಜಾಹೀರಾತಿನ ಖರ್ಚು ಸೋಪಿನ ಬೆಲೆಯಲ್ಲಿ, ಬಿಸ್ಕತ್ತಿನ ಬೆಲೆಯಲ್ಲಿ ಸೇರುತ್ತದೆ. ಆಟ ನೋಡದವನೂ ಸೋಪು ಕೊಳ್ಳುವಾಗ ತನ್ನ ಪಾಲು ತೆರುತ್ತಾನೆ.

ಆ ವರ್ಷ ಮೊಬೈಲಿನಲ್ಲಿ ವಿಶ್ವಕಪ್ ನೋಡಲು ಕಂಪೆನಿ ಚಂದಾ ಕೇಳಲಿಲ್ಲ. ಅಂತಿಮ ಪಂದ್ಯವನ್ನು ಏಕಕಾಲಕ್ಕೆ 5 ಕೋಟಿ 90 ಲಕ್ಷ ಮಂದಿ ನೋಡಿದರೆಂದು ಹೆಮ್ಮೆಯಿಂದ ಸಾರಿತು. ಪುಕ್ಕಟೆ ತೋರಿಸಿದ್ದು ಧರ್ಮಕ್ಕೆ ಅಂದುಕೊಂಡಿರಾ? 2024ರ ನವೆಂಬರಿನಲ್ಲಿ ಆಟ ತೋರಿಸುತ್ತಿದ್ದ ಎರಡು ದೊಡ್ಡ ಸಂಸ್ಥೆಗಳು, ಸ್ಟಾರ್ ಮತ್ತು ವಯಾಕಾಮ್ 18, ಒಂದಾದವು. 2025ರ ಫೆಬ್ರವರಿಯಲ್ಲಿ ಅವುಗಳ ಮೊಬೈಲ್ ಸೇವೆಗಳು ಜಿಯೋಹಾಟ್‌ಸ್ಟಾರ್ ಎಂಬ ಒಂದೇ ಹೆಸರಿನಡಿ ಬಂದವು. ಮೂರು ತಿಂಗಳಿಗೆ 149 ರೂಪಾಯಿಯಿಂದ ಚಂದಾ ಶುರುವಾಯಿತು. ಸಂತೆಯಲ್ಲಿ ಇಬ್ಬರು ಮಾರುವವರಿದ್ದರೆ ಗಿರಾಕಿ ಚೌಕಾಸಿ ಮಾಡಿಯಾನು. ಒಬ್ಬನೇ ಉಳಿದರೆ ಅವನು ಹೇಳಿದ್ದೇ ಬೆಲೆ. ಇಲ್ಲಿ ಕುಳಿತಿರುವ ಅಂಗಡಿಕಾರರಿಗೆ ಈ ಪಾಠ ನಾವು ಹೇಳಬೇಕಾಗಿಲ್ಲ.

ಹಾಗಾದರೆ ನ್ಯಾಯ ಏನು ಹೇಳುತ್ತದೆ? 1993ರಲ್ಲಿ ಹೀರೋ ಕಪ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ಒಂದು ವಿದೇಶಿ ಕಂಪೆನಿಗೆ ಮಾರಿತು. ದೂರದರ್ಶನ ಅಡ್ಡ ನಿಂತಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1995ರ ಫೆಬ್ರವರಿ 9ರಂದು ತೀರ್ಪು ಬಂತು: ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು, ಅವು ಸಾರ್ವಜನಿಕ ಹಿತಕ್ಕೇ ಬಳಕೆಯಾಗಬೇಕು, ಅದರ ಮೇಲೆ ಸರ್ಕಾರದ ಏಕಸ್ವಾಮ್ಯವೂ ಸಲ್ಲದು, ಖಾಸಗಿಯವರ ಏಕಸ್ವಾಮ್ಯವೂ ಸಲ್ಲದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಊರಿಗೆ ಗೋಮಾಳ ಹೇಗೋ, ದೇಶಕ್ಕೆ ಆಕಾಶ ಹಾಗೆ.

ಮರುವರ್ಷ, 1996ರ ಮಾರ್ಚ್ 9ರಂದು, ನಮ್ಮ ಬೆಂಗಳೂರಿನಲ್ಲೇ ಭಾರತ–ಪಾಕಿಸ್ತಾನ ವಿಶ್ವಕಪ್ ಪಂದ್ಯ ನಡೆಯಿತು. ವೆಂಕಟೇಶ ಪ್ರಸಾದರು ಆಮೀರ್ ಸೊಹೈಲನ ವಿಕೆಟ್ ಕಿತ್ತ ಗಳಿಗೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ದೂರದರ್ಶನದಲ್ಲಿ ಊರಿಗೆ ಊರೇ ಅದನ್ನು ಕಂಡಿತ್ತು.

ಆ ಬಳಿಕ ಹಕ್ಕುಗಳೆಲ್ಲ ಖಾಸಗಿಯವರ ಕೈಸೇರತೊಡಗಿದಾಗ, 2007ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಸಾರಿದ ಪಂದ್ಯಗಳನ್ನು ಹಕ್ಕುದಾರರು ಪ್ರಸಾರ ಭಾರತಿಗೂ ಕೊಡತಕ್ಕದ್ದು. "ಕೋಟಿಗಟ್ಟಲೆ ಸುರಿದವನ ಗತಿ ಏನು?" ಎಂದು ಕೇಳುವವರಿದ್ದಾರೆ. ಅವನಿಗೆ ಮೋಸವಿಲ್ಲ. ದೂರದರ್ಶನಕ್ಕೆ ಬರುವ ಜಾಹೀರಾತಿನ ಹಣದಲ್ಲಿ ನೂರಕ್ಕೆ 75 ಪಾಲು ಅವನಿಗೇ, 25 ಮಾತ್ರ ಪ್ರಸಾರ ಭಾರತಿಗೆ.

ಆದರೆ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಅರ್ಥೈಸಿ, ಹೀಗೆ ಸಿಕ್ಕ ಪಂದ್ಯವನ್ನು ದೂರದರ್ಶನ ತನ್ನ ಸ್ವಂತ ಜಾಲದಲ್ಲಿ ಮಾತ್ರ ತೋರಿಸಬಹುದು, ಕೇಬಲ್ಲಿನವರ ಮೂಲಕ ಕೂಡದು ಎಂದಿತು. ಹೀಗಾಗಿ ಕೇಬಲ್ ಹಾಕಿಸಿಕೊಂಡ ಮನೆಯಲ್ಲಿ ದೂರದರ್ಶನ ಬರುತ್ತದೆ, ಪಂದ್ಯ ಬರುವುದಿಲ್ಲ! ಹಳೆಯ ಆಂಟೆನಾ ಪ್ರಸಾರವೂ ಬಹುಮಟ್ಟಿಗೆ ನಿಂತುಹೋಗಿದೆ. ಉಳಿದ ದಾರಿ ಡಿಡಿ ಫ್ರೀ ಡಿಶ್ ಒಂದೇ. ಒಮ್ಮೆ ತಟ್ಟೆ, ಪೆಟ್ಟಿಗೆ ಕೊಂಡರಾಯಿತು, ತಿಂಗಳ ಚಂದಾ ಇಲ್ಲ. ಹತ್ತು ಬಾಡಿಗೆ ಕೋಣೆಗಳ ವಠಾರದವರು ಕೂಡಿ ಒಂದನ್ನು ಹಾಕಿಸಿಕೊಳ್ಳಬಹುದು. ಇಷ್ಟನ್ನು ನಾಳೆಯೇ ಮಾಡಬಹುದು.

ಆದರೆ ಅಷ್ಟಕ್ಕೇ ಸುಮ್ಮನಾಗುವವರು ನಾವಲ್ಲ. ನಮ್ಮ ಬೇಡಿಕೆಗಳು ಮೂರು. ಒಂದು, ಕಾಯಿದೆ ತಿದ್ದಿ, ದೂರದರ್ಶನದ ಪಂದ್ಯ ಕೇಬಲ್ ಮನೆಗಳಿಗೂ ಮುಟ್ಟಬೇಕು. ಎರಡು, ದೂರದರ್ಶನದಲ್ಲಿ ವಿಶ್ವಕಪ್ ಪಂದ್ಯಗಳಿಗೆ ಕನ್ನಡದಲ್ಲಿ ವೀಕ್ಷಕ ವಿವರಣೆ ಇರಬೇಕು. ಮೂರು, ಹೆಂಗಸರ ಆಟಕ್ಕೂ ಗಂಡಸರ ಆಟದಷ್ಟೇ ಜಾಗ ಸಿಗಬೇಕು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿಯುವ ಹುಡುಗಿ ಅಂಥ ಆಟವನ್ನು ಕಾಸಿಲ್ಲದೆ ನೋಡಬೇಡವೆ?

ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾವು ಮಕ್ಕಳಿಗೆ ಒಂದು ಮಾತು ಹೇಳುತ್ತಿದ್ದೆವು: ನಿನ್ನದು ಯಾವುದೆಂದು ತಿಳಿಯದವನು ಕಳಕೊಂಡದ್ದನ್ನೂ ತಿಳಿಯಲಾರ. ಈ ಸುತ್ತಿನ ಗೋಮಾಳ ಹೋದಾಗ ನಮ್ಮ ಹಿರಿಯರು ಸುಮ್ಮನಿದ್ದರು. ಆಕಾಶ ಹೋಗುವಾಗ ನಾವು ಸುಮ್ಮನಿರಬಾರದು. ಮನವಿಯ ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೋಗುವಾಗ ಸಹಿ ಹಾಕಿ ಹೋಗಿ. ನಮ್ಮ ಸಂಸತ್ ಸದಸ್ಯರಿಗೆ ಅದನ್ನು ನಾವೆಲ್ಲ ಕೂಡಿಯೇ ಮುಟ್ಟಿಸೋಣ.