ಬೆಟ್ಟದ ತುದಿಯ ಗಾಳಿ: ಋತುವಾರು ಲೆಕ್ಕ

ಮಾಯಸಂದ್ರ, ತುರುವೇಕೆರೆ, ತಿಪಟೂರಿನ ತೋಟಗಳಲ್ಲಿ ಚಳಿಗಾಲದ ಬೆಳಿಗ್ಗೆ ಸೋಗೆ, ಮಟ್ಟೆ ಸುಟ್ಟ ಹೊಗೆ ಮೇಲೇರದೆ ತೆಂಗಿನ ಮರದ ಮಟ್ಟದಲ್ಲೇ ಹಾಸಿಕೊಂಡು ನಿಲ್ಲುವುದನ್ನು ನೀವೆಲ್ಲ ಕಂಡಿದ್ದೀರಿ. ರಾತ್ರಿ ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಹೊಗೆ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಅದೇ ಹೊಗೆ ಕಾದ ಗಾಳಿಯ ಜೊತೆ ಕಿಲೋಮೀಟರುಗಟ್ಟಲೆ ಮೇಲಕ್ಕೆ ಹೋಗಿಬಿಡುತ್ತದೆ. ಗಾಳಿಯಲ್ಲಿ ತೇಲುವ ಇಂಥ ಹೊಗೆ, ಧೂಳು, ಉಪ್ಪಿನ ಕಣಗಳಿಗೆ ಏರೋಸಾಲ್ ಎಂದು ಹೆಸರು.

ಇವನ್ನು ಅಳೆಯಲು ಬೆಟ್ಟ ಹತ್ತಬೇಕೇಕೆ? ಊರೊಳಗೆ ಅಳೆದರೆ ಪಕ್ಕದ ಮನೆಯ ಒಲೆ, ಬಸ್ ನಿಲ್ದಾಣದ ಹೊಗೆಯೇ ಲೆಕ್ಕಕ್ಕೆ ಬರುತ್ತದೆ. ತುದಿಯಲ್ಲಾದರೆ ದೂರದ ಗಾಳಿ ಸಿಗುತ್ತದೆ. ನಮ್ಮ ಕೃಷ್ಣೆ ಹುಟ್ಟುವ ಮಹಾಬಲೇಶ್ವರದಲ್ಲಿ ಮೋಡಕ್ಕೂ ಕಣಗಳಿಗೂ ಇರುವ ಸಂಬಂಧ ತಿಳಿಯಲು ಪುಣೆಯ ಹವಾಮಾನ ವಿಜ್ಞಾನಿಗಳು 2012ರಲ್ಲಿ ಪ್ರಯೋಗಾಲಯವನ್ನೇ ತೆರೆದರು. ಅದಕ್ಕೂ ಮೊದಲು, 2005ರ ಫೆಬ್ರವರಿಯಿಂದ 2008ರ ಜುಲೈವರೆಗೆ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ನೈನಿತಾಲ್ ಬಳಿಯ ಮನೋರಾ ಶಿಖರದಲ್ಲಿ ಗಾಳಿ ಸೋಸಿದರು. ಎತ್ತರ ಸುಮಾರು 1,950 ಮೀಟರ್, ನಮ್ಮ ಮುಳ್ಳಯ್ಯನಗಿರಿಗೆ ಹತ್ತಿರ ಹತ್ತಿರ.

ಸೋಸುವುದೆಂದರೆ ಹೀಗೆ. ಸ್ಫಟಿಕದ ನಾರಿನಿಂದ ಮಾಡಿದ ಬಿಳಿ ಹಾಳೆಯನ್ನು ತೂಗಿಟ್ಟು, ಅದರ ಮೂಲಕ ಗಂಟೆಗಟ್ಟಲೆ ಗಾಳಿ ಎಳೆಯುತ್ತಾರೆ. ಹಾಳೆ ಬೂದಿಬಣ್ಣಕ್ಕೆ ತಿರುಗುತ್ತದೆ. ಮತ್ತೆ ತೂಗುತ್ತಾರೆ. ಒಂದು ತುಂಡು ಕತ್ತರಿಸಿ ಶುದ್ಧ ನೀರಿನಲ್ಲಿ ನೆನೆಸಿದರೆ ಕರಗುವ ಲವಣಗಳು ಬಿಡುತ್ತವೆ. ಇನ್ನೊಂದು ತುಂಡನ್ನು ಕಾಯಿಸಿದರೆ ಇಂಗಾಲದ ಲೆಕ್ಕ ಸಿಗುತ್ತದೆ. ಸೋಡಿಯಂ ಸಿಕ್ಕರೆ ಕಡಲಿನ ಸುಳಿವು, ಕ್ಯಾಲ್ಸಿಯಂ ಸಿಕ್ಕರೆ ಮಣ್ಣಿನದು, ಪೊಟ್ಯಾಸಿಯಂ ಸಿಕ್ಕರೆ ಸೌದೆ, ಸೋಗೆ ಸುಟ್ಟದ್ದು. ಮಟ್ಟೆಯ ಬೂದಿಯನ್ನು ತೋಟಕ್ಕೆ ಹಾಕುವುದು ಆ ಪೊಟ್ಯಾಸಿಯಂಗಾಗಿಯೇ ತಾನೆ? ಸಲ್ಫೇಟು ಕಲ್ಲಿದ್ದಲಿನಿಂದಲೂ ಬರುತ್ತದೆ, ಕಡಲಿನಿಂದಲೂ ಬರುತ್ತದೆ. ಸಮುದ್ರದ ನೀರಿನಲ್ಲಿ ಸೋಡಿಯಂನ ತೂಕದ ಕಾಲು ಭಾಗದಷ್ಟು ಸಲ್ಫೇಟು ಇರುವುದರಿಂದ, ಅಷ್ಟನ್ನು ಕಳೆದು ಉಳಿದದ್ದಕ್ಕೆ ಬೇರೆ ಮೂಲ ಹುಡುಕುತ್ತಾರೆ.

ಆ 42 ತಿಂಗಳಲ್ಲಿ ಮನೋರಾದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿದ್ದ ಕಣಗಳ ತೂಕ 13 ಮೈಕ್ರೋಗ್ರಾಂನಿಂದ 272ರವರೆಗೆ ಏರಿಳಿಯಿತು. ಇಷ್ಟು ಅಂತರವಿದ್ದಾಗ ವರ್ಷದ ಸರಾಸರಿ ಹೇಳಿ ಸುಮ್ಮನಾಗುವಂತಿಲ್ಲ. ನಾಲ್ಕು ಧೂಳಿನ ದಿನ ಬಂದರೂ ಸರಾಸರಿ ಮೇಲಕ್ಕೆ ಜಗ್ಗುತ್ತದೆ. ಆದ್ದರಿಂದ ಅಂಕಿಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನೂ ನೋಡಬೇಕು, ಋತುವಾರು ಬೇರ್ಪಡಿಸಬೇಕು. ಬೇರ್ಪಡಿಸಿದಾಗ ಕಂಡದ್ದೇನು? ಏಪ್ರಿಲ್‌ನಿಂದ ಜೂನ್‌ವರೆಗೆ ಥಾರ್ ಮರುಭೂಮಿ ಮತ್ತು ಪಶ್ಚಿಮ ಏಷ್ಯಾದ ಧೂಳಿನಿಂದ ಒಟ್ಟು ತೂಕ ಏರಿತು. ಹೊಗೆಯ ಇಂಗಾಲ ಮಾತ್ರ ಆಗ ಕಡಿಮೆ. ಅದು ಹೆಚ್ಚಿದ್ದು ಮಳೆಗಾಲ ಮುಗಿದ ಮೇಲೆ ಮತ್ತು ಚಳಿಗಾಲದಲ್ಲಿ. ಒಟ್ಟು ತೂಕವನ್ನಷ್ಟೇ ನೋಡಿದ್ದರೆ ಈ ಎದುರುಬದುರು ನಡೆ ಕಾಣುತ್ತಲೇ ಇರಲಿಲ್ಲ.

ನನಗೆ ಬಹಳ ಮುಖ್ಯವೆನಿಸುವ ಎಚ್ಚರಿಕೆ ಇನ್ನೊಂದಿದೆ. ಜಾತ್ರೆಯ ದಿನ ಬಳೆ ವ್ಯಾಪಾರವೂ ಏರುತ್ತದೆ, ಪುರಿ ಬತ್ತಾಸಿನ ವ್ಯಾಪಾರವೂ ಏರುತ್ತದೆ; ಹಾಗೆಂದು ಬಳೆ ಕೊಂಡವರೇ ಬತ್ತಾಸು ಕೊಂಡರು ಎನ್ನಲಾಗದು. ಹಾಗೆಯೇ ಮುಂಗಾರಿನಲ್ಲಿ ಮಳೆ ಎಲ್ಲ ಕಣಗಳನ್ನೂ ಒಟ್ಟಿಗೆ ತೊಳೆದು ಇಳಿಸುತ್ತದೆ. ವರ್ಷದ ಅಂಕಿಗಳನ್ನೆಲ್ಲ ಒಂದೇ ರಾಶಿ ಹಾಕಿದರೆ ಪೊಟ್ಯಾಸಿಯಂ ಮತ್ತು ಸಲ್ಫೇಟು ಜೊತೆಜೊತೆಗೆ ಏರಿಳಿದಂತೆ ಕಾಣಬಹುದು, ಎರಡೂ ಒಂದೇ ಬೆಂಕಿಯಿಂದ ಬಂದವೆಂಬ ತಪ್ಪು ತೀರ್ಮಾನಕ್ಕೂ ಬರಬಹುದು. ಚಳಿಗಾಲದ ದಿನಗಳನ್ನು ಚಳಿಗಾಲದ ದಿನಗಳೊಂದಿಗೇ ಇಟ್ಟು ನೋಡಿದಾಗಲೂ ಆ ಜೊತೆ ಉಳಿದರೆ ಆಗ ಮೂಲದ ಮಾತಾಡಬಹುದು.

ನಮ್ಮ ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಗೂ ಇದೇ ಲೆಕ್ಕ. ಅಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದರು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. ಗಾಳಿಯ ಕೆಂಧೂಳು ಎಷ್ಟು ಇಳಿಯಿತು ಎಂದು ತಿಳಿಯಲು ಆ ವರ್ಷದ ಏಪ್ರಿಲನ್ನು ಅಕ್ಟೋಬರಿಗೆ ಹೋಲಿಸಿದರೆ, ಮಳೆ ತೊಳೆದದ್ದೂ ಕೋರ್ಟಿನ ಖಾತೆಗೆ ಸೇರುತ್ತದೆ. ನಿಲ್ಲುವ ಮೊದಲಿನ ಹಲವು ಏಪ್ರಿಲ್‌ಗಳನ್ನು ನಿಂತ ಮೇಲಿನ ಹಲವು ಏಪ್ರಿಲ್‌ಗಳ ಪಕ್ಕಕ್ಕಿಟ್ಟು ನೋಡಬೇಕು, ಗಾಳಿ ಯಾವ ದಿಕ್ಕಿನಿಂದ ಬೀಸಿತ್ತೆಂಬುದನ್ನೂ ಜೊತೆಗೆ ಬರೆದಿಟ್ಟುಕೊಳ್ಳಬೇಕು.