ಚೊಗರಿನ ಚರಿತ್ರೆ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಸೀಮೆಯಲ್ಲಿ, ಆಚೆ ಹೊಳಲ್ಕೆರೆ, ಭೀಮಸಮುದ್ರದ ಕಡೆ, ಅಡಿಕೆ ಕೊಯ್ಲು ಶುರುವಾದರೆ ಹಂಡೆಗಳು ಒಲೆ ಏರುತ್ತವೆ. ಸುಲಿದ ಹಸಿ ಅಡಿಕೆ ಬೆಂದು ಹೊರಬಂದ ನೀರಿಗೇ ಮತ್ತೊಂದು ಒಬ್ಬೆ ಬೀಳುತ್ತದೆ. ಹೀಗೆ ಕುದಿದು ಕುದಿದು ಕೆಂಪಗೆ ಗಟ್ಟಿಯಾದ ರಸವೇ ಚೊಗರು. ಅಡಿಕೆಗೆ ಬಣ್ಣ, ಹೊಳಪು ಕೊಡುವುದು ಅದೇ; ಹೆಗ್ಗೋಡಿನ ಚರಕ ಸಂಸ್ಥೆಯವರು ಬಟ್ಟೆಗೂ ಬಳಸುತ್ತಾರೆ.

ಚೊಗರಿನಲ್ಲಿರುವುದು ಟ್ಯಾನಿನ್, ಅಂದರೆ ಕ್ಯಾಟಚಿನ್ ಅಣುಗಳ ಸರಪಳಿ. ಎಣ್ಣೆಯನ್ನು ಕಮಟು ಹಿಡಿಸುವ ಪುಂಡ ಕಣಗಳಿಗೆ ತನ್ನ ಹೈಡ್ರೋಜನ್ ಕೊಟ್ಟು ಸುಮ್ಮನಾಗಿಸುವ ಆಂಟಿಆಕ್ಸಿಡೆಂಟ್ ಇದು. ಕ್ಯಾಟಚಿನ್ ವಿಜ್ಞಾನಿಗಳ ಕೈಗೆ ಮೊದಲು ಸಿಕ್ಕಿದ್ದು ಎಲೆಯಡಿಕೆಯ ಕಾಚಿನಲ್ಲಿ. ಕಗ್ಗಲಿ ಮರದ ಚೇಗನ್ನು ನೀರಲ್ಲಿ ಬೇಯಿಸಿ ಬತ್ತಿಸಿದ ಆ ಕಾಚನ್ನು 19ನೇ ಶತಮಾನದಲ್ಲಿ ಯುರೋಪಿನ ಚರ್ಮ ಹದಮಾಡುವವರು, ಬಣ್ಣಗಾರರು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು.

ಆಮೇಲೆ ಪ್ರಯೋಗಾಲಯಗಳು ಸಾರ ತೆಗೆಯಲು ನೀರನ್ನು ಬಿಟ್ಟು ಮೆಥನಾಲ್, ಹೆಕ್ಸೇನ್‌ನಂಥ ದ್ರಾವಕಗಳನ್ನು ಹಿಡಿದವು. ಬೇಗ ಆವಿಯಾಗುತ್ತವೆ, ಸಾರ ಉಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2002ರಲ್ಲಿ ದಾಳಿಂಬೆ ಸಿಪ್ಪೆಯನ್ನು ಪರೀಕ್ಷಿಸಿದಾಗ ಮೆಥನಾಲ್ ಸಾರವೇ ಎಲ್ಲಕ್ಕಿಂತ ಪ್ರಬಲ ಆಂಟಿಆಕ್ಸಿಡೆಂಟ್ ಆಗಿತ್ತು. ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರು ಕಿವಿಗೊಡಬೇಕಾದ ಸುದ್ದಿ. ಆದರೆ ಕಳ್ಳಭಟ್ಟಿ ದುರಂತಗಳಲ್ಲಿ ಕಣ್ಣು ಕಳೆಯುವುದೂ ಇದೇ ಮೆಥನಾಲ್. ತಿನ್ನುವ ಪದಾರ್ಥದಲ್ಲಿ ಅದರ ಶೇಷ ಉಳಿದರೆ ಹೇಗೆ?

ಈ ಪ್ರಶ್ನೆ ಹೊಸದೇನಲ್ಲ. 1998ರಲ್ಲಿ ರಸಾಯನ ವಿಜ್ಞಾನಿಗಳಾದ ಅನಸ್ತಾಸ್ ಮತ್ತು ವಾರ್ನರ್ ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ಬರೆದರು. ಐದನೆಯದು ನಿರಪಾಯ ದ್ರಾವಕದ ಮಾತು. 2003ರಲ್ಲಿ ಇಂಗ್ಲೆಂಡಿನ ಆಬಟ್ ತಂಡ, ಕೋಳಿ ಆಹಾರಕ್ಕೆ ಸೇರಿಸುವ ಕೋಲೀನ್ ಕ್ಲೋರೈಡನ್ನೂ ನಮ್ಮ ಹೊಲದ ಯೂರಿಯಾವನ್ನೂ ಬೆರೆಸಿತು. 133 ಡಿಗ್ರಿಯಲ್ಲಿ ಕರಗುವ ಯೂರಿಯಾ ಈ ಜೊತೆಯಲ್ಲಿ 12 ಡಿಗ್ರಿಗೇ ದ್ರವ, ಅಂದರೆ ಹೊಸ ಬಗೆಯ ದ್ರಾವಕ! ಮುಂದೆ 2011ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಸಕ್ಕರೆ, ಹುಳಿ ಆಮ್ಲಗಳಿಂದಲೂ ಇಂಥ ದ್ರಾವಕಗಳಾಗುತ್ತವೆಂದು ತೋರಿಸಿದರು. ತೊಂದರೆಯೂ ಇದೆ: ಪಾಕದಂತೆ ಮಂದ, ಆವಿಯಾಗುವುದಿಲ್ಲ, ಸಾರವನ್ನು ಬೇರ್ಪಡಿಸುವುದು ಕಷ್ಟ.

ನೀರಿಗಿಂತ ಹಸಿರು ದ್ರಾವಕ ಯಾವುದು ಎಂದು ನೀವು ಕೇಳಬಹುದು. ಒಲೆಗೆ ಹಾಕಿದ ಸೌದೆಯನ್ನೂ ಲೆಕ್ಕ ಹಿಡಿದು ಹೇಳಬೇಕು. ಅದಕ್ಕಿಂತ ದೊಡ್ಡ ತೊಡಕು, ನೀರಿಗೆ ಆಯ್ಕೆಯ ವಿವೇಕವಿಲ್ಲ. ಟ್ಯಾನಿನ್ ಜೊತೆಗೆ ಅಡಿಕೆಯಲ್ಲಿರುವ ಅರೆಕೋಲೀನ್ ಎಂಬ ಆಲ್ಕಲಾಯ್ಡನ್ನೂ ಹಂಡೆಗೆ ಎಳೆದುಕೊಳ್ಳುತ್ತದೆ; ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಹಾಗಾಗಿ ಚೊಗರನ್ನು ಔಷಧವೆಂದು ಮಾರುವವರನ್ನು ನಾನು ನಂಬುವುದಿಲ್ಲ. ಅರೆಕೋಲೀನನ್ನು ಹಿಂದೆ ಬಿಟ್ಟು ಟ್ಯಾನಿನ್ನನ್ನಷ್ಟೇ ತರುವ ದ್ರಾವಕ ಬರುವತನಕ ಬಟ್ಟೆ, ಚರ್ಮದ ಕೆಲಸಕ್ಕೆ ಚೊಗರು ಚೆನ್ನಾಗಿಯೇ ಇದೆ.